ಇಳಿಬನ್ನಿ ಗುಡ್ಡಕ್ಕೆ ಆ ಹೆಸರು ಬಂದ ಬಗೆ

ಹಗರಿ ಹೊಳೆಯ ಸೇತುವೆ ದಾಟಿ ಬಡಗಣ ದಿಕ್ಕಿಗೆ ಹೊರಟ ಬಸ್ಸು ಒಂದು ತಿರುವಿನಲ್ಲಿ ನಿಧಾನವಾಗುತ್ತಲೇ ಕಂಡಕ್ಟರು 'ಇಳಿಬನ್ನಿ, ಇಳಿಬನ್ನಿ' ಎಂದು ಕೂಗುತ್ತಾನೆ. ಮೊದಲ ಸಲ ಬಂದವರು ತಮ್ಮನ್ನೇ ಇಳಿಯಲು ಹೇಳುತ್ತಿದ್ದಾನೆಂದು ಗಾಬರಿಯಿಂದ ಎದ್ದು ನಿಲ್ಲುವುದುಂಟು. ಅದು ಊರಿನ ಹೆಸರು. ಊರಿಗೆ ಆ ಹೆಸರು ಬಂದದ್ದು ಅದರ ಬೆನ್ನಿಗಿರುವ ಗುಡ್ಡದಿಂದ. ಗುಡ್ಡವೆಂದರೆ ಮರಗಿಡಗಳ ಹಸಿರು ಗುಡ್ಡವಲ್ಲ; ಒಂದರ ಮೇಲೊಂದು ಯಾರೋ ಎತ್ತಿಟ್ಟಂತೆ ಕಾಣುವ ಬೋಳು ಬಂಡೆಗಳು, ಅವುಗಳ ಸಂದಿನಲ್ಲಿ ಕಳ್ಳಿ, ಕಾರೆ, ನಡುನಡುವೆ ಕರಡಿಗಳಿರುವ ಗವಿಗಳು. ನೆತ್ತಿಯ ಮೇಲೆ ಹಳೆಯ ಕೋಟೆಯ ಗೋಡೆ ಅಲ್ಲಲ್ಲಿ ಉಳಿದಿದೆ. ಮೆಟ್ಟಿಲು ಶುರುವಾಗುವಲ್ಲಿ ನಿಲ್ಲಿಸಿರುವ ಕಲ್ಲಿನಲ್ಲಿ 'ವಿಜಯಗಿರಿ' ಎಂದು ಕೊರೆದಿದ್ದಾರೆ. ಆ ಹೆಸರನ್ನು ಮಾತ್ರ ಇಲ್ಲಿ ಯಾರೂ ಬಳಸುವುದಿಲ್ಲ. ಓದಿದವರು ಬಂದು, ಗುಡ್ಡದ ಇಳಿಜಾರಿನಲ್ಲಿ ಬನ್ನಿ ಮರಗಳಿದ್ದಿರಬೇಕು, ಅದಕ್ಕೇ ಇಳಿಬನ್ನಿ, ಎಂದು ಅರ್ಥ ಹೇಳಿ ಹೋಗುತ್ತಾರೆ. ಗುಡ್ಡದ ಮೇಲೆ ಒಂದು ಬನ್ನಿ ಮರವೂ ಇಲ್ಲ, ಇದ್ದದ್ದನ್ನು ಕಂಡವರೂ ಇಲ್ಲ. ಊರಿನ ಹಿರಿಯರು ಹೇಳುವ ಸಂಗತಿ ಬೇರೆ. ಅದನ್ನು ಅವರು ಹಬ್ಬದ ದಿನ ಹೇಳುವುದಿಲ್ಲ, ಮದುವೆಯ ಚಪ್ಪರದಲ್ಲಿ ಹೇಳುವುದಿಲ್ಲ. ನಾನು ಕೇಳಿದ್ದು ನನ್ನ ಸೋದರತ್ತೆ ಈರಬಡಮ್ಮನಿಂದ, ಆಕೆ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕುಳಿತಿದ್ದಾಗ.

ಹಿಂದೆ ಒಮ್ಮೆ ಈ ಸೀಮೆಗೆ ಮರಡಿನಾಡು ಎಂಬ ಹೆಸರಿತ್ತು ಎನ್ನುತ್ತಾರೆ. ಕಾಟಪ್ಪ ನಾಯಕನೆಂಬುವನು ಇದನ್ನು ಆಳುತ್ತಿದ್ದ. ಕಡಲಿನಾಚೆಯಿಂದ ಬಂದ ಪರಂಗಿಯವರು ಮೊದಲು ಹತ್ತಿ ಕೊಳ್ಳಲು ಬಂದರು, ಆಮೇಲೆ ಹತ್ತಿಯನ್ನು ಕಾಯಲೆಂದು ದಂಡು ತಂದರು, ಕಡೆಗೆ ದಂಡಿನ ಖರ್ಚಿಗೆಂದು ನಾಡಿನ ಕಂದಾಯವನ್ನೇ ಕೇಳಿದರು. ನಾಯಕ ಕೊಡಲಿಲ್ಲ. ಅವರು ಗುಡ್ಡದ ಕೋಟೆಯನ್ನು ಹಿಡಿದು ತಮ್ಮ ಠಾಣ್ಯ ಮಾಡಿಕೊಂಡರು. ನಾಯಕ ಕುರುಚಲು ಕಾಡು ಸೇರಿ ಅಲ್ಲಿಂದಲೇ ಹೊಡೆದಾಡತೊಡಗಿದ. ಆ ಯುದ್ಧ ವರ್ಷಗಟ್ಟಲೆ ನಡೆಯಿತು. ಹಗಲು ಪರಂಗಿಯವರ ಪಾಲಾದ ಊರು ಕತ್ತಲಾದ ಮೇಲೆ ನಾಯಕನ ಪಾಲಾಗುತ್ತಿತ್ತು. ಎರಡು ಕಡೆಯವರೂ ನೆಲದಡಿ ಜೋಳ ತುಂಬಿಟ್ಟ ಹಗೇವು ತೆಗೆಸುತ್ತಿದ್ದರು, ಇನ್ನೊಂದು ಕಡೆಯವರಿಗೆ ಕೊಟ್ಟೆಯೆಂದು ಹೊಡೆಯುತ್ತಿದ್ದರು. ನಡುವೆ ಮಳೆ ಹೋದ ವರ್ಷವೊಂದರಲ್ಲಿ, ಬಂದೂಕು ಹಿಡಿಯುವ ಹುಡುಗರಿಗೆ ಹೊಟ್ಟೆತುಂಬ ಊಟವೆಂದು ಪರಂಗಿಯವರು ಊರೂರಿಗೆ ಡಂಗುರ ಹೊಡೆಸಿದರು. ಹಿರೇಕಟ್ಟೆ, ಗುಂಡಿನಹಾಳು, ಸೂಜಿಬೆಟ್ಟ, ನಮ್ಮೂರು, ಎಲ್ಲ ಕಡೆಯಿಂದಲೂ ಹುಡುಗರು ಹೋದರು. ಪರಂಗಿಯವರ ಮೇಲಿನ ಪ್ರೀತಿಯಿಂದ ಹೋದವನು ಒಬ್ಬನೂ ಇರಲಿಲ್ಲ. ಹೋದವರ ಮೈಮೇಲೆ ಕೆಂಪು ಅಂಗಿ ಬಂತು, ಕೆಂಪು ಅಂಗಿಯ ಜೊತೆಗೆ ಅದರ ಕೆಲಸಗಳೂ ಬಂದವು.

ಗುಡ್ಡದ ಬುಡದಲ್ಲಿ ಕುರುಬರ ಹಟ್ಟಿಯಿತ್ತು. ಅಲ್ಲಿ ಹುಲಿಗೆವ್ವ ಎಂಬ ಹೆಂಗಸಿದ್ದಳು. ಅವಳ ಗಂಟಲು ಇಡೀ ನಾಡಿಗೆ ಗೊತ್ತಿತ್ತು. ನೆತ್ತಿಯ ಬಂಡೆಗಳ ಸಂದಿನಲ್ಲಿ ಮೇಯುವ ಕುರಿಗಳನ್ನು ಅವಳು ಕೆಳಗೆ ನಿಂತೇ ಕರೆಯುತ್ತಿದ್ದಳು, ಕುರಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ದಾರಿಹೋಕರು ಬಂಡಿ ನಿಲ್ಲಿಸಿ ನೋಡುತ್ತಿದ್ದರಂತೆ. ತಾಯಿ ಸತ್ತ ಮೇಲೆ ತಮ್ಮ ಮೈಲಾರಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಅವಳೇ. ಆ ಮೈಲಾರಿಯೂ ಡಂಗುರ ಕೇಳಿ ಹೋದವರಲ್ಲಿ ಒಬ್ಬನಾದ. ಅವಳ ಗಂಡ ಕೆಂಚಪ್ಪ ಮಾತ್ರ ನಾಯಕನ ಕಡೆ. ಕಂಬಳಿಯ ಮಡಿಕೆಯಲ್ಲಿ ಜೋಳ ಕಟ್ಟಿಕೊಂಡು ಕಾಡಿಗೆ ಸಾಗಿಸುವಾಗ ಸಿಪಾಯಿಗಳ ಕೈಗೆ ಸಿಕ್ಕ. ಊರಮುಂದಿನ ಹುಣಸೆ ಮರಕ್ಕೆ ಅವನನ್ನು ನೇತುಹಾಕಿ, ಮೂರು ದಿನ ಯಾರೂ ಇಳಿಸಕೂಡದೆಂದು ಕಾವಲು ಕೂತರು. ಕಾವಲಿಗೆ ಕೂತವರಲ್ಲಿ ಮೈಲಾರಿ ಇರಲಿಲ್ಲ. ಅವನನ್ನು ಬೇರೆ ಕಡೆ ಕಳಿಸಿದ್ದರು. ಆದರೆ ಅಂಗಿ ಒಂದೇ. ಅಂದಿನಿಂದ ಹುಲಿಗೆವ್ವ ತಮ್ಮನ ಹೆಸರೆತ್ತುವುದನ್ನು ಬಿಟ್ಟಳು. ಯಾರಾದರೂ ಕೇಳಿದರೆ, "ಒಬ್ಬ ತಮ್ಮ ಇದ್ದ" ಎನ್ನುತ್ತಿದ್ದಳು.

ಯುದ್ಧ ತಿರುಗಿದ್ದು ಒಂದು ಮಳೆಗಾಲದಲ್ಲಿ. ಗುಡ್ಡದ ಠಾಣ್ಯಕ್ಕೆ ನೆರವಾಗಲು ಬರುತ್ತಿದ್ದ ಪರಂಗಿಯವರ ದೊಡ್ಡ ದಂಡು ಹೊಳೆಯ ಆಚೆ ದಡದಲ್ಲಿ ಸಿಕ್ಕಿಕೊಂಡಿತು. ಹೊಳೆ ಇಳಿಯಲಿಲ್ಲ, ದಂಡಿನಲ್ಲಿ ವಾಂತಿಭೇದಿ ಎದ್ದಿತು, ಎತ್ತುಗಳು ಸತ್ತವು, ಜನ ಸತ್ತರು. ಈ ಬೋಳು ನಾಡಿಗಾಗಿ ಇನ್ನಷ್ಟು ಜನರನ್ನು ಹೂಳುವುದು ಬೇಡವೆಂದು ಅವರ ದೊಡ್ಡವರಿಗೇ ಅನ್ನಿಸಿತು. ಉಳಿದದ್ದು ಗುಡ್ಡವೊಂದೇ. ಅದನ್ನು ನಾಯಕ ಸುತ್ತುಗಟ್ಟಿದ. ಮೇಲೆ ಒಬ್ಬ ಸಾಹೇಬ, ಕೈಬೆರಳಿನಲ್ಲಿ ಎಣಿಸುವಷ್ಟು ಬಿಳಿಯರು, ಉಳಿದವರೆಲ್ಲ ಈ ನಾಡಿನ ಹುಡುಗರೇ. ಕಾಳು ತೀರಿತು. ಚರ್ಮದ ಪಟ್ಟಿಗಳನ್ನು ಕುದಿಸಿ ಕುಡಿದರು ಎನ್ನುತ್ತಾರೆ. ಕಡೆಗೆ ಸಾಹೇಬ ತನ್ನ ದುಭಾಷಿಯನ್ನು ಕೆಳಗೆ ಕಳಿಸಿ ಕರಾರು ಹೇಳಿಸಿದ: ನಾವು ಬಿಳಿಯರು ಕತ್ತಿ ಕಟ್ಟಿಕೊಂಡು, ತಮಟೆ ಬಾರಿಸಿಕೊಂಡು, ಮರ್ಯಾದೆಯಿಂದ ಹೊಳೆ ದಾಟಬೇಕು, ದಾಟಿದ ಮೇಲೆ ನಮ್ಮವರು ಈ ದಡಕ್ಕೆ ಕಾಲಿಡುವುದಿಲ್ಲ, ನಾಡು ನಿಮ್ಮದು. ಕಾಟಪ್ಪ ನಾಯಕ ಒಪ್ಪಿದ. ಸಿಪಾಯಿಗಳ ಗತಿ ಏನೆಂದು ಕೇಳಿದ. ದುಭಾಷಿ ಮೇಲೆ ಹೋಗಿ ಉತ್ತರ ತಂದ: "ಅವರು ನಿಮ್ಮ ಮಣ್ಣಿನವರು. ಅವರ ವಿಚಾರ ನಿಮಗೆ ಬಿಟ್ಟದ್ದು."

ಈ ಮಾತು ಸಿಪಾಯಿಗಳ ಕಿವಿಗೂ ಬಿತ್ತು. ಅವರು ಕೋಟೆಯ ಬಾಗಿಲಿಗೆ ಅಡ್ಡ ನಿಂತರು. ನಮಗೆ ಜೀವದ ಮಾತು ಸಿಗುವವರೆಗೆ ಸಾಹೇಬನೂ ಇಳಿಯುವಂತಿಲ್ಲ, ಎಂದರು. ನಾಯಕ ಕೆಳಗಿನಿಂದ ಅಭಯ ಹೇಳಿ ಕಳಿಸಿದರೂ ನಂಬಲಿಲ್ಲ. ನಂಬದಿರಲು ಕಾರಣವಿತ್ತು. ಹಿಂದಿನ ವರ್ಷ ಹೊಳೆದಂಡೆಯ ಸಣ್ಣ ಠಾಣ್ಯವೊಂದರಲ್ಲಿ ಬಂದೂಕು ಕೆಳಗಿಟ್ಟ ಸಿಪಾಯಿಗಳನ್ನು ನಾಯಕನ ದಳವಾಯಿ ಗೋಣೆಪ್ಪ ನಿಲ್ಲಿಸಿ ಕಡಿಸಿದ್ದ. ಗೋಣೆಪ್ಪನಿಗೂ ಅವನ ಕಾರಣವಿತ್ತು: ಅವನ ಊರಿಗೆ ಬೆಂಕಿಯಿಟ್ಟಾಗ ಎದ್ದು ಓಡಲಾರದ ಅವನ ತಾಯಿ ಒಳಗೇ ಉಳಿದಿದ್ದಳು. ಬೆಂಕಿಯಿಟ್ಟವರು ಸಿಪಾಯಿಗಳೇ. ಹೀಗೆ ಬಾಗಿಲು ತೆರೆಯದೆ, ಯುದ್ಧ ಗೆದ್ದೂ ಮುಗಿಯದೆ, ದಿನಗಳು ಕಳೆದವು. ಆಗ ಮೇಲಿನಿಂದ ಒಂದು ಮಾತು ಬಂತು. ನಾಯಕರ ಅಭಯ ನಮಗೆ ಬೇಡ; ಕೆಳಗೆ ಹುಲಿಗೆವ್ವ ಇದ್ದಾಳೆ, ಆಕೆ ಸುಳ್ಳಾಡುವವಳಲ್ಲ, ಆಕೆ ನಿಂತು ಕರೆದರೆ ಇಳಿಯುತ್ತೇವೆ.

ನಾಯಕ ತಾನೇ ನಡೆದು ಹಟ್ಟಿಗೆ ಬಂದ. ಹುಲಿಗೆವ್ವ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ವಿಷಯ ಕೇಳಿ ತಿರುಗಿಯೂ ನೋಡಲಿಲ್ಲ.

"ನನ್ನ ಗಂಡನ್ನ ಮರಕ್ಕೆ ಹಾಕಿದೋರ ಜೊತೀಗೆ ಕುಂತು ಉಂಡೋರವರು. ನಾನ್ಯಾಕೆ ಕರೀಲಿ, ದೊರಿ?"

"ಅವರಿಗಾಗಿ ಕರೀಬ್ಯಾಡ ತಾಯಿ," ಎಂದ ನಾಯಕ. "ಅವರು ಇಳಿದ್ರೆ ಯುದ್ಧ ಮುಗೀತೈತಿ. ಇನ್ನೊಬ್ಬ ಹೆಣ್ಣುಮಗಳು ನಿನ್ನಂಗೆ ಮರದ ಬುಡದಾಗೆ ಕೂರೋದು ತಪ್ತೈತಿ."

ಅವಳು ಉಳಿದ ಸೊಪ್ಪನ್ನೂ ಕುರಿಗಳಿಗೆ ಹಾಕಿ ಮುಗಿಸಿದಳು. ಆಮೇಲೆ ಒಳಗೆ ಹೋಗಿ ಬೀರದೇವರ ಗೂಡಿನಿಂದ ಭಂಡಾರದ ಬಟ್ಟಲು ತಂದು ಹಿಡಿದಳು. ದೇವರ ಅರಿಶಿನ ಅದು; ಮುಟ್ಟಿ ಆಡಿದ ಮಾತಿಗೆ ತಪ್ಪಿದ ಮನೆಯಲ್ಲಿ ದೀಪ ಉರಿಯುವುದಿಲ್ಲವೆಂದು ಈಗಲೂ ನಂಬುತ್ತಾರೆ. ನಾಯಕ ಬೆರಳದ್ದಿ ಹಣೆಗಿಟ್ಟುಕೊಂಡ. ಇಳಿದು ಬಂದವರ ಜೀವಕ್ಕೆ ನಾನು ಹೊಣೆ, ಎಂದ. ಹುಲಿಗೆವ್ವ ಬಟ್ಟಲನ್ನು ಅವನ ಹಿಂದೆ ನಿಂತಿದ್ದ ಗೋಣೆಪ್ಪನತ್ತ ಚಾಚಿದಳು. ದಳವಾಯಿ ಕೈ ನೀಡಲಿಲ್ಲ. ನಾಯಕನೇ ನಡುವೆ ಬಂದು, "ನಾನು ಮುಟ್ಟಿದ ಮ್ಯಾಲೆ ನಾಡೇ ಮುಟ್ಟಿದಂಗೆ ತಾಯಿ," ಎಂದ. ಅವಳು ಒಪ್ಪಿದಳು. ಒಪ್ಪಿದ್ದು ನಾಯಕನ ಮಾತಿಗೋ, ತಮ್ಮನನ್ನು ಮತ್ತೆ ಕಾಣುವ ಆಸೆ ಅಷ್ಟರಲ್ಲಾಗಲೇ ಅವಳೊಳಗೆ ಎದ್ದಿದ್ದಕ್ಕೋ, ಹೇಳುವುದು ಕಷ್ಟ ಎನ್ನುತ್ತಿದ್ದಳು ಈರಬಡಮ್ಮ.

ಮರುದಿನ ಬಿಸಿಲೇರುವ ಹೊತ್ತಿಗೆ ಹುಲಿಗೆವ್ವ ಬುಡದ ಚಪ್ಪಟೆ ಬಂಡೆಯ ಮೇಲೆ ನಿಂತಳು. ಸುತ್ತಿನ ಊರುಗಳಿಂದ ಜನ ಸೇರಿತ್ತು. ಅವಳು ಮೊದಲು ಕರೆದದ್ದು ತಮ್ಮನನ್ನು ಮಾತ್ರ. "ಮೈಲಾರೀ, ಇಳಿದು ಬಾ!" ವರ್ಷಗಳ ನಂತರ ಆ ಹೆಸರು ಅವಳ ಬಾಯಿಂದ ಬಂದಾಗ ಪಕ್ಕದಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರಂತೆ. ಗೋಡೆಯ ಮೇಲೆ ಒಂದು ಕೆಂಪು ಅಂಗಿ ಕಾಣಿಸಿತು.

"ಅಕ್ಕಾ, ನನ್ನೊಬ್ಬನ್ನೇ ಕರೀಬ್ಯಾಡ! ಎಲ್ಲಾರ್ನೂ ಕರಿ!"

ಅವಳು ಉಸಿರೆಳೆದುಕೊಂಡು, ಕುರಿ ಕರೆಯುವ ಆ ಗಂಟಲಿನಲ್ಲೇ, "ಇಳಿದು ಬನ್ನೀ!" ಎಂದು ಕೂಗಿದಳು. ಬಂಡೆಗಳು ಆ ಕೂಗನ್ನು ಮೇಲೆ ಮೇಲೆ ಸಾಗಿಸಿದವು. ಮತ್ತೆ ಕೂಗಿದಳು. ಬಾಗಿಲು ತೆರೆಯಿತು. ಮೊದಲು ಬಿಳಿಯರು ತಮಟೆ ಬಾರಿಸುತ್ತ ಇಳಿದರು. ಅವರ ಹಿಂದೆ ಬಂದೂಕುಗಳನ್ನು ಬಾಗಿಲಲ್ಲೇ ರಾಶಿ ಹಾಕಿ ಬರಿಗೈಯ ಸಿಪಾಯಿಗಳು ಇಳಿದರು, ಕೆಲವರು ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ಕೆಲವರು ಕೂತು ಕೂತು ಜಾರಿಕೊಂಡು.

ಸಾಹೇಬನಿಗೆ ಜ್ವರವಿತ್ತು. ನಾಯಕ ಅವನನ್ನು ತನ್ನ ಕುದುರೆಯ ಮೇಲೆ ಕೂರಿಸಿ, ಹೊಳೆಯವರೆಗೆ ತಾನೇ ಕಳಿಸಿಬರಲು ಹೊರಟ. ನಾಡಿನ ದೊರೆ ಜೊತೆಗಿಲ್ಲದಿದ್ದರೆ ದಾರಿಯಲ್ಲಿ ಜನ ಕಲ್ಲೆಸೆದಾರೆಂಬ ಭಯವಿತ್ತು. ಬಿಳಿಯರಿಗೆ ಕೂದಲು ಕೊಂಕಿದರೂ ಕರಾರು ಮುರಿಯುತ್ತಿತ್ತು. ಸಾಹೇಬ ಟೋಪಿ ಎತ್ತಿ ಸೇರಿದ್ದ ಜನಕ್ಕೆ ವಂದಿಸಿದ. ಇಷ್ಟು ವರ್ಷ ತನ್ನ ಮಾತಿಗೆ ಗುಂಡು ಹಾರಿಸಿದ, ಗುಂಡು ತಿಂದ ಸಿಪಾಯಿಗಳು ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತಿದ್ದರು. ಅವರ ಕಡೆಗೆ ಕತ್ತು ತಿರುಗಿಸಲಿಲ್ಲ ಎನ್ನುತ್ತಾರೆ. ಸೇರಿದ್ದ ಜನವೂ ಬಿಳಿಯರು ದಾಟುವುದನ್ನು ನೋಡಲು ಹೊಳೆಯತ್ತ ನಡೆಯಿತು.

ಹಟ್ಟಿಯ ಹೆಂಗಸರು ಅಂಬಲಿ ಕಾಸಿ ತಂದಿದ್ದರು. ಹುಲಿಗೆವ್ವ ಸಾಲಾಗಿ ಬಡಿಸುತ್ತ ಬಂದು ತಮ್ಮನ ಮುಂದೆ ನಿಂತಳು. ಅವನ ಮುಖ ನೋಡದೆ ಬಟ್ಟಲಿಗೆ ಅಂಬಲಿ ಸುರಿದಳು.

"ಭಾವನ್ನ ಮರಕ್ಕೆ ಹಾಕಿದ ದಿನ ನಾನು ಈ ಕಡೀಗಿರ್ಲಿಲ್ಲಕ್ಕಾ," ಎಂದ ಮೈಲಾರಿ. "ಇದ್ದಿದ್ರೆ ಏನು ಮಾಡ್ತಿದ್ನೋ... ಅದು ನನಗೂ ಗೊತ್ತಿಲ್ಲ."

"ಕುಡಿ ಮೊದಲು."

ಅವನು ಕುಡಿದ. ಕುಡಿದು, "ಮನೀಗೆ ಬರ್ಲೇನು?" ಎಂದು ಕೇಳಿದ.

ಬಾ ಎಂಬುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಗಂಡನನ್ನು ಕಳೆದುಕೊಂಡವಳ ಬಿಗುಮಾನ ಅದನ್ನು ಹಿಂದಕ್ಕೆಳೆಯಿತು. "ಊರು ಏನಂತತೋ ನೋಡಾಣ," ಎಂದಳು. ಅಷ್ಟರಲ್ಲಿ ಗೋಣೆಪ್ಪನ ಆಳುಗಳು ಬಂದು, ಒಂದೊಂದು ಊರಿನವರು ಬೇರೆ ಬೇರೆ ಏಳಬೇಕು, ಅವರವರ ಊರಿನ ದಾರಿಗೆ ಹಚ್ಚಿ ಬರುತ್ತೇವೆ, ಎಂದರು. ಹಿರೇಕಟ್ಟೆಯವರು ಮೊದಲು ಎದ್ದರು. ನಗುತ್ತ ಎದ್ದರಂತೆ. ಅವರನ್ನು ಗುಡ್ಡದ ಬಲಮಗ್ಗುಲಿಗೆ ಕರೆದುಕೊಂಡು ಹೋದರು. ಆಮೇಲೆ ಗುಂಡಿನಹಾಳಿನವರು. ಆಮೇಲೆ ನಮ್ಮೂರಿನವರು. ಮೈಲಾರಿ ಬಟ್ಟಲನ್ನು ಅಂಗಿಯ ಚುಂಗಿನಲ್ಲಿ ಒರೆಸಿ ಅಕ್ಕನ ಕೈಗಿಟ್ಟು, ಊರಿಗೆ ಹೋಗಲು ಇತ್ತಲಿಂದ ನಾಲ್ಕು ಹೆಜ್ಜೆಯಿದ್ದರೂ, ಹೇಳಿದವರ ಹಿಂದೆ ಹೋದ.

ಬಂಡೆಯ ಮೇಲೆ ನಿಂತರೆ ಹಿರೇಕಟ್ಟೆಯ ದಾರಿ ಬಯಲಿನುದ್ದಕ್ಕೂ ಕಾಣುತ್ತದೆ. ನಡುವೆ ಮರೆಯಿಲ್ಲ. ಹುಲಿಗೆವ್ವ ಬಟ್ಟಲುಗಳನ್ನು ಕೂಡಿಸುತ್ತ ಸುಮ್ಮನೆ ಅತ್ತ ನೋಡಿದಳು. ಹಿರೇಕಟ್ಟೆಯ ಹುಡುಗರು ಹೋಗಿ ಬಹಳ ಹೊತ್ತಾಗಿತ್ತು. ದಾರಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಗುಂಡಿನಹಾಳಿನ ದಾರಿ ನೋಡಿದಳು. ಅದೂ ಬರಿದಾಗಿತ್ತು. ಬಟ್ಟಲುಗಳನ್ನು ಅಲ್ಲೇ ಬಿಟ್ಟು ಬಲಮಗ್ಗುಲಿಗೆ ಓಡಿದಳು. ಅಲ್ಲಿ ಕೋಟೆ ಕಟ್ಟಲು ಕಲ್ಲು ತೆಗೆದ ದೊಡ್ಡ ಗುಂಡಿಯಿತ್ತು. ಅದರ ದಾರಿಗೆ ಗೋಣೆಪ್ಪ ಅಡ್ಡ ನಿಂತಿದ್ದ. ಗುಂಡಿನ ಸದ್ದು ಕೇಳಬಾರದೆಂದು ಬರೀ ಕತ್ತಿಯಲ್ಲೇ ಕೆಲಸ ನಡೆದಿತ್ತು.

"ನಾಯಕರು ಭಂಡಾರ ಮುಟ್ಯಾರ!" ಎಂದು ಅವಳು ಕಿರುಚಿದಳು.

"ನಾನು ಮುಟ್ಟಿಲ್ಲ," ಎಂದ ಗೋಣೆಪ್ಪ. ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲವಂತೆ. "ನಮ್ಮವ್ವ ಸುಡುವಾಗ ಯಾರು ಮುಟ್ಟಿದ್ರವ್ವಾ?"

ಅವಳು ಅಲ್ಲಿ ನಿಲ್ಲಲಿಲ್ಲ. ತಮ್ಮನಿಗಾಗಿ ಗುಂಡಿಯೊಳಗೆ ಇಣುಕಲೂ ಇಲ್ಲ. ಇನ್ನೂ ಸೂಜಿಬೆಟ್ಟದವರು ಬಂಡೆಯ ಬಳಿ ತಮ್ಮ ಸರದಿಗೆ ಕಾಯುತ್ತಿದ್ದರು. ಅವಳು ಹಿಂದಕ್ಕೆ ಓಡಿ ಬಂದು, ಉಳಿದ ಗಂಟಲನ್ನೆಲ್ಲ ಕೂಡಿಸಿ, "ಹತ್ರೋ! ಮ್ಯಾಲೆ ಹತ್ರೋ!" ಎಂದು ಕೂಗಿದಳು. ಅವಳ ಮಾತು ಕೇಳಿ ಇಳಿದಿದ್ದ ಹುಡುಗರು ಅವಳ ಮಾತು ಕೇಳಿಯೇ ಮತ್ತೆ ಗುಡ್ಡ ಹತ್ತಿದರು. ಬಾಗಿಲಲ್ಲಿ ಅಷ್ಟು ಹೊತ್ತಿಗೆ ಗೋಣೆಪ್ಪನ ಜನ ಕೂತಿದ್ದರು. ಮೆಟ್ಟಿಲ ಮೇಲೆಯೇ ಹುಡುಗರನ್ನು ಮುಗಿಸಿದರು. ಅದೇ ಹೊತ್ತಿಗೆ ಹೊಳೆಯ ಕಡೆಯಿಂದ ತಮಟೆ, ಕಹಳೆ, ಜನರ ಜಯಕಾರ ಕೇಳಿಸಿತು. ಬಿಳಿಯರು ಹೊಳೆ ದಾಟಿದ್ದರು. ಮರಡಿನಾಡು ಸ್ವತಂತ್ರವಾಗಿತ್ತು.

ಇದು ನಾಯಕನಿಗೆ ಮೊದಲೇ ಗೊತ್ತಿತ್ತೇ ಇಲ್ಲವೇ ಎಂಬುದರಲ್ಲಿ ಎರಡು ಮಾತಿದೆ. ಗೊತ್ತಿತ್ತು, ಅದಕ್ಕೇ ಹೊಳೆಗೆ ಹೋದ ಎಂದು ಹಟ್ಟಿಯವರು ಹೇಳುತ್ತಾರೆ. ಗೊತ್ತಿರಲಿಲ್ಲ, ಬಂದು ನೋಡಿ ಕುದುರೆಯ ಕುತ್ತಿಗೆ ಹಿಡಿದು ಅತ್ತ ಎಂದು ನಾಯಕನ ವಂಶದವರು ಹೇಳುತ್ತಾರೆ. ಗೋಣೆಪ್ಪನನ್ನು ಅವನು ದಂಡಿಸಲಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರ ಮಾತು ಒಂದೇ. ಯುದ್ಧ ಗೆದ್ದುಕೊಟ್ಟ ದಳವಾಯಿ ಅವನು. ಅವನ ಹಿಂದೆ ಅರ್ಧ ದಂಡಿತ್ತು. ನಾಯಕ ಗುಡ್ಡಕ್ಕೆ ವಿಜಯಗಿರಿಯೆಂದು ಹೆಸರಿಟ್ಟು ಕಲ್ಲು ನಿಲ್ಲಿಸಿದ. ಕಲ್ಲು ನಿಲ್ಲಿಸಿದ ದಿನ ಹುಲಿಗೆವ್ವ ಅವನ ಮುಂದೆ ಬಂದು ನಿಂತಳು. ಹಟ್ಟಿಯ ಸುತ್ತಿನ ಹೊಲವನ್ನೆಲ್ಲ ಉಂಬಳಿಯಾಗಿ ಕೊಡುವುದಾಗಿ ನಾಯಕ ಹೇಳಿದ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಯುದ್ಧ ಮುಗೀತಲ್ಲ ತಾಯಿ," ಎಂದ ಅವನು, ನೆಲ ನೋಡುತ್ತ.

"ಇನ್ನು ನನ್ನ ಕುರೀನ ನಾನು ಏನಂತ ಕರೀಲಿ, ದೊರಿ?" ಎಂದಳು. ಅವಳ ಗಂಟಲು ಒಡೆದು ಹೋಗಿತ್ತು. ಹತ್ತಿರ ನಿಂತವರಿಗೆ ಮಾತ್ರ ಕೇಳಿಸಿತು.

ಅವಳಿಗೆ ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಂತು. ಸುದ್ದಿ ಊರೂರಿಗೆ ಹಬ್ಬಿದಂತೆ ಸತ್ತ ಹುಡುಗರ ತಾಯಂದಿರು ಬರತೊಡಗಿದರು. ನಾಯಕನ ಬಾಗಿಲಿಗೆ ಹೋಗುವ ಧೈರ್ಯ ಅವರಿಗಿರಲಿಲ್ಲ. ಅವರು ಹಟ್ಟಿಗೆ ಬಂದರು. ಕೆಲವರು ಮಣ್ಣು ತೂರಿ ಶಾಪ ಹಾಕಿದರು. ಸೂಜಿಬೆಟ್ಟದ ಮುದುಕಿಯೊಬ್ಬಳು ಶಾಪ ಹಾಕಲಿಲ್ಲ, ಅಳಲೂ ಇಲ್ಲ. ಹುಲಿಗೆವ್ವನ ಹೊಸ್ತಿಲ ಮುಂದೆ ಕೂತು, "ನೀನು ಕರೆದೀಯಂತ ಬಂದ. ನೀನೇ ಕೊಡು," ಎಂದಳು. ಹುಲಿಗೆವ್ವ ಅವಳ ಎದುರಿಗೆ ಕೂತಳು. ತನಗೂ ತಮ್ಮ ಹೋದನೆಂದು ಹೇಳಬಹುದಿತ್ತು, ಹೇಳಲಿಲ್ಲ. ಹೊತ್ತು ಮುಳುಗುವವರೆಗೆ ಇಬ್ಬರೂ ಹಾಗೇ ಕೂತಿದ್ದರು. ಆಮೇಲೆ ಮುದುಕಿ ಎದ್ದು ತನ್ನ ಊರಿಗೆ ನಡೆದಳು.

ಹುಲಿಗೆವ್ವ ಮತ್ತೆ ಯಾರನ್ನೂ ಕರೆಯಲಿಲ್ಲ. ಕುರಿಗಳು ಕರೆಯುವ ದನಿಯಿಲ್ಲದೆ ಗುಡ್ಡದ ಮೇಲೆಯೇ ಉಳಿದು ತೋಳದ ಪಾಲಾದವು, ಕೆಲವನ್ನು ಬೇರೆ ಹಟ್ಟಿಯವರು ಅಟ್ಟಿಕೊಂಡು ಹೋದರು. ಅವಳು ಕಲ್ಲುಗುಂಡಿಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಇದ್ದಳು ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ನೋಡಿದರೆ ಗುಡಿಸಲು ಖಾಲಿಯಾಗಿತ್ತು. ಅವಳಿಗೆ ಮಣ್ಣು ಕೊಟ್ಟವರು ಯಾರೆಂದು ಗೊತ್ತಿಲ್ಲ. ಇತ್ತ ಗೆದ್ದ ನಾಡು ಏನಾಯಿತೆಂದರೆ, ಕಂದಾಯ ಕೇಳುವ ಬಾಯಿ ಬದಲಾಯಿತು, ಕಂದಾಯ ಉಳಿಯಿತು. ಗಂಡುಮಕ್ಕಳಿಲ್ಲದ ಊರುಗಳಲ್ಲಿ ಹೊಲ ಬೀಳುಬಿದ್ದವು. ಕಾಟಪ್ಪ ನಾಯಕ ಮುದುಕನಾದ ಕಾಲಕ್ಕೆ ಪರಂಗಿಯವರು ತಮ್ಮ ಕರಾರು ಮರೆತು ಮತ್ತೆ ಹೊಳೆ ದಾಟಿದರು. ನಾಯಕ ಊರೂರಿಗೆ ಡಂಗುರ ಕಳಿಸಿ, ನಾಡು ಉಳಿಸಲು ಬನ್ನಿ, ಎಂದು ಕರೆಸಿದ. ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಹಿಂದೆ ಅವನಿಗಾಗಿ ಸತ್ತವರ ಮನೆಯವರೂ ಹೊರಗೆ ಬರಲಿಲ್ಲ. ಗುಡ್ಡ ಒಂದು ಗುಂಡೂ ಹಾರದೆ ಪರಂಗಿಯವರ ಕೈಸೇರಿತು.

ಹೆಸರಿನ ಬಗ್ಗೆ ಈರಬಡಮ್ಮ ಒಂದು ಮಾತು ಹೇಳುತ್ತಿದ್ದಳು. ಹುಲಿಗೆವ್ವ ತಮ್ಮನೊಬ್ಬನನ್ನೇ ಕರೆದು ಸುಮ್ಮನಾಗಿದ್ದರೆ ಇದು ಇಳಿಬಾ ಗುಡ್ಡವಾಗುತ್ತಿತ್ತು. ಅವನು ಎಲ್ಲರನ್ನೂ ಕರೆ ಎಂದ, ಅವಳು ಎಲ್ಲರನ್ನೂ ಕರೆದಳು. ಅದಕ್ಕೇ ಬನ್ನಿ.

ಈಗ ಗುಡ್ಡ ನೋಡಲು ಬರುವವರು ಕೋಟೆಯ ಗೋಡೆಯ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಕೆಳಗೆ ಬಿಟ್ಟು ಬಂದ ಗೆಳೆಯರನ್ನು ಕೂಗಿ ಕರೆಯುತ್ತಾರೆ, ಕೆಳಗಿದ್ದವರು ಊಟಕ್ಕೆ ಹೊತ್ತಾಯಿತೆಂದು ಮೇಲಿನವರನ್ನು ಕೂಗುತ್ತಾರೆ. ಬಂಡೆಗಳು ಎಲ್ಲ ಕೂಗುಗಳನ್ನೂ ಹೊತ್ತು ಸಾಗಿಸುತ್ತವೆ. ನಮ್ಮೂರಿನವರು ಮಾತ್ರ ಗುಡ್ಡದ ಮೇಲಿರುವವರನ್ನು ಕೆಳಗೆ ನಿಂತು ಕರೆಯುವುದಿಲ್ಲ. ಇದು ಯಾರೂ ಹಾಕಿಕೊಟ್ಟ ಕಟ್ಟಳೆಯಲ್ಲ, ಹಾಗೇ ನಡೆದು ಬಂದಿದೆ. ಮೊನ್ನೆ ಬಂದವರೊಬ್ಬರು ನನ್ನನ್ನು ಕೇಳಿದರು: ಮಂಡಿನೋವಿನ ಆ ಹೆಂಗಸು ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಅಷ್ಟು ಕಷ್ಟಪಟ್ಟು ಯಾಕೆ ಮೆಟ್ಟಿಲು ಹತ್ತುತ್ತಿದ್ದಾಳೆ, ಮೇಲೆ ಗುಡಿಯೇನಾದರೂ ಇದೆಯೇ? ಗುಡಿ ಇಲ್ಲ, ಎಂದೆ. ಅವಳ ಗಂಡ ಮೇಲೆ ಆಡು ಮೇಯಿಸುತ್ತಿದ್ದ; ಅವನನ್ನು ಊಟಕ್ಕೆ ಕರೆಯಲು ಹೋಗುತ್ತಿದ್ದಳು. ನಾವು ನೋಡುತ್ತಿದ್ದಂತೆ ಅವಳು ನೆತ್ತಿ ತಲುಪಿ, ಅವನ ತೋಳು ಹಿಡಿದುಕೊಂಡು, ಅವನಿಗಿಂತ ಒಂದು ಮೆಟ್ಟಿಲು ಮುಂದೆ ತಾನಿಳಿಯುತ್ತ ಬಂದಳು.